ಕೈಯಳತೆಯ ಕುರ್ಚಿ

ಮಗ ಮಾಡಿ ಕಳಿಸಿದ ಬಂಗಾರದ ಕುರ್ಚಿಯಲ್ಲಿ ಕೂತ ದೇವರಾಣಿಗೆ ಏಳಲಾಗಲಿಲ್ಲ. ಕೂತೊಡನೆ ಕುರ್ಚಿಯ ತೋಳುಗಳಿಂದ ಎರಡು ಬಳೆಗಳು ಎದ್ದು ಅವಳ ಮಣಿಕಟ್ಟುಗಳನ್ನು ಕಚ್ಚಿಕೊಂಡಿದ್ದವು. ದೇವಲೋಕದ ಪೈಲ್ವಾನರೆಲ್ಲ ಎಳೆದೆಳೆದು ಸೋತ ಮೇಲೆ ಅದನ್ನು ಮಾಡಿದ ಕಮ್ಮಾರ ಮಗನಿಗೇ ಹೇಳಿ ಕಳಿಸಿದರು.

ಗ್ರೀಕರ ದೇವರುಗಳಲ್ಲಿ ಮೈಮುರಿದು ದುಡಿಯುವವನು ಅವನೊಬ್ಬನೇ. ಕುಂಟುತ್ತ ಬಂದ. ಹುಟ್ಟಿದ ದಿನವೇ ಅಮ್ಮ ಅವನನ್ನು ಈ ಕೋಣೆಯ ಕಿಟಕಿಯಿಂದ ಭೂಮಿಗೆ ಎಸೆದಿದ್ದಳು. ಕಡಲ ದಡದ ಹೆಂಗಸರು ಎತ್ತಿ ಸಾಕಿದ್ದರು. ಆಮೇಲೆ ತಾಯಿ ಮಗ ಎದುರಾದದ್ದು ಇವತ್ತೇ.

"ಬಂದೆಯೇನೋ? ಮೊದಲು ಬಿಚ್ಚು ಇದನ್ನ," ಅಂದಳು. "ಅಲ್ಲ, ನನ್ನ ಕೈಯಳತೆ ನಿನಗೆ ಯಾರು ಕೊಟ್ಟರು?"

"ಯಾರು ಕೊಡ್ತಾರೆ? ನನ್ನ ಕೈಯನ್ನೇ ಅಳೆದೆ. ಅಪ್ಪನ ಕೈ ಹೀಗಿಲ್ಲ. ನಿಂದೇ ಇರಬೇಕು ಅಂದ್ಕೊಂಡೆ."

ಅವಳು ಮಾತು ಬದಲಿಸಿದಳು. "ಏನು ಬೇಕು ನಿನಗೆ?"

"ಒಂದೇ ಮಾತು. ನಾನು ಕುಂಟನಾಗೇ ಹುಟ್ಟಿದೆ, ಅದಕ್ಕೆ ನೀನು ಎಸೆದೆ ಅಂತಾರೆ ಕೆಲವರು. ನೀನು ಎಸೆದಿದ್ದಕ್ಕೇ ಕುಂಟನಾದೆ ಅಂತಾರೆ ಇನ್ನು ಕೆಲವರು. ಯಾವುದಮ್ಮ ನಿಜ? ಅಷ್ಟು ಹೇಳು, ಬಿಚ್ತೀನಿ."

ಹುಟ್ಟುವಾಗಲೇ ಕಾಲು ಸೊಟ್ಟಗಿದ್ದಿದ್ದರೆ ಎಸೆಯಲು ಒಂದು ಕಾರಣವಾದರೂ ಇರುತ್ತಿತ್ತು. ಇಷ್ಟು ಕಾಲ ಕುಲುಮೆಯ ಮುಂದೆ ಕೂತು ಅವನು ಕಾದದ್ದು ಅಷ್ಟಕ್ಕೇ.

ಅವಳು ಬಹಳ ಹೊತ್ತು ಅವನ ಕಾಲನ್ನೇ ನೋಡಿದಳು. ಸುಳ್ಳು ಹೇಳಬಹುದಿತ್ತು.

"ಗೊತ್ತಿಲ್ಲ ಕಣೋ. ಬಟ್ಟೆ ಸುತ್ತಿ ಕೈಗೆ ಕೊಟ್ಟರು. ನಾನು ಬಿಚ್ಚಿ ನೋಡಲೇ ಇಲ್ಲ."

"ಮತ್ತೆ ಯಾಕೆ ಎಸೆದೆ?"

"ನಿಮ್ಮಪ್ಪನ ಮೇಲೆ ಸಿಟ್ಟು ಬಂದಿತ್ತು. ಕೈಯಲ್ಲಿ ನೀನಿದ್ದೆ."



"ಹೆತ್ತವರಿಗೆ ಹೆಗ್ಗಣ ಮುದ್ದಂತೆ," ಅಂದ ಕಮ್ಮಾರ. "ಅದನ್ನಾದರೂ ಒಂದು ಸಲ ನೋಡಿರ್ತಾರೆ."

ಬಗ್ಗಿ, ಕುರ್ಚಿಯಡಿಯಲ್ಲಿ, ಕೂತವರ ಕೈಗೆ ಎಟುಕದ ಜಾಗದಲ್ಲಿದ್ದ ಮೊಳೆಯನ್ನು ಒತ್ತಿದ. ಬಳೆಗಳು ಒಳಸರಿದವು. ದೇವರಾಣಿ ಮಣಿಕಟ್ಟು ಉಜ್ಜಿಕೊಳ್ಳುತ್ತ ಎದ್ದು ಹೊರಟುಹೋದಳು.

ಕುರ್ಚಿ ಇನ್ನೂ ಬೆಚ್ಚಗಿತ್ತು. ಅದು ಆರುವ ಮೊದಲು ಕಮ್ಮಾರ ಅದರಲ್ಲಿ ಕೂತ. ಬಳೆಗಳು ಎದ್ದು ಅವನ ಕೈಗಳನ್ನು ಹಿಡಿದುಕೊಂಡವು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.