ಡಾಕ್ಟರ್ ಮಗಳು

ಇಂದುಮತಿ ಮೆಡಿಕಲ್ ಸೀಟಿಗೆ ಅರ್ಜಿ ಹಾಕಿದ್ದು ಕಿವಿಗೆ ಬಿದ್ದದ್ದೇ ತಡ, ಅವಳ ತಾಯಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಬಂದಳು.

"ಡಾಕ್ಟ್ರು ಆಗಿದ್ದಾಯ್ತಲ್ಲೇ! ಆಗಿರೋದನ್ನೇ ಇನ್ನೊಂದ್ಸಲ ಆಗ್ತೀಯಾ?"

"ಅಮ್ಮಾ, ನಾನು ಪಿಎಚ್‌ಡಿ ಮಾಡಿದ್ದು ರೇಷ್ಮೆಹುಳದ ಮೇಲೆ. ಮನುಷ್ಯರ ಕಾಯಿಲೆ ನಂಗೊತ್ತಿಲ್ಲ."

"ಬೀದಿಗೆಲ್ಲ ನನ್ನ ಮಗಳು ಡಾಕ್ಟ್ರು ಅಂತ ಹೇಳ್ಕೊಂಡು ಮೆರೆದಿದ್ದೀನಿ. ಈಗ ಚಿಳ್ಳೆಪಿಳ್ಳೆಗಳ ಜೊತೆ ಕಾಲೇಜಿಗೆ ಹೋಗಿ ನನ್ನ ಮಾನ ಕಳೀತೀಯಾ?"

ಇಂದುಮತಿಗೂ ರೇಗಿತು.

"ಹುಳದ ಡಾಕ್ಟ್ರು ಅಂತ ಹೇಳ್ಬೇಕಿತ್ತು! ನೆಗಡಿಗೆ ಒಂದು ಮಾತ್ರೆ ಬರೆಯೋಕೂ ನಂಗೆ ಬರಲ್ಲ, ತಿಳ್ಕೋ!"

ತಾಯಿಯ ಮುಖ ಬಿಳಿಚಿಕೊಂಡಿತು.

"ಹಂಗಾದ್ರೆ ಯುಗಾದಿ ದಿನ ನನ್ನ ಎದೇಲಿರೋ ಗಂಟು ಮುಟ್ಟಿ ನೋಡಿ, 'ಏನೂ ಆಗಲ್ಲ ಬಿಡಮ್ಮಾ' ಅಂದ್ಯಲ್ಲೇ... ಅದನ್ನ ಹೇಳಿದ್ದು ಡಾಕ್ಟ್ರಲ್ವಾ?"