ಬಿಳಿ ಬಾವುಟ

ಮೈದಾನದ ಆ ತುದಿಯಲ್ಲಿ ಮೊದಲು ಡ್ರಮ್ಮಿನ ಸದ್ದು ನಿಂತಿತು. ಆಮೇಲೆ ಕೂಗಾಟ, ಬಾಟಲಿ ಒಡೆದ ಸದ್ದು, ಸೆಕ್ಯುರಿಟಿಯವರ ಸೀಟಿ. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಉಳುಕಿದ ಕಾಲಿಗೆ ಐಸ್ ಕಟ್ಟಿಕೊಂಡು ಮಲಗಿದ್ದ ಒಲಿಂಡಾ ಕಣ್ಣು ಮುಚ್ಚಿಕೊಂಡಳು. ಆಗಿಹೋಯಿತು! ಡ್ಯಾಡಿ ಹೇಳಿದ್ದೇ ಆಯಿತು.

ಅವಳು ದುಬೈಯ ಶಾಲೆಯೊಂದರಲ್ಲಿ ಟೀಚರ್. ಜೊತೆಯ ಐರಿಶ್ ಟೀಚರುಗಳು ತಮ್ಮ ನಾಡಿನ ಗೇಲಿಕ್ ಫುಟ್‌ಬಾಲ್ ಕಲಿಸಿ, ತಮ್ಮ ತಂಡಕ್ಕೇ ಸೇರಿಸಿಕೊಂಡಿದ್ದರು. ತಂಡದಲ್ಲಿ ನಮ್ಮ ಕಡೆಯವಳು ಅಂತ ಇದ್ದದ್ದು ಇವಳೊಬ್ಬಳೇ. ಇಂಟರ್‌ನ್ಯಾಷನಲ್ ಸಿಟಿಯ ಫ್ಲ್ಯಾಟಿನಲ್ಲಿ ತಂದೆ ಕ್ಯಾಮಿಲಸ್ ಮುಖ ಗಂಟು ಹಾಕಿಕೊಂಡೇ ಒಪ್ಪಿದ್ದರು.

"ಆಡು, ಬೇಡ ಅನ್ನುವುದಿಲ್ಲ. ಆದರೆ ಆ ಐರಿಶಿನವರು ಕುಡಿದರೆ ಲಗಾಮು ಇಲ್ಲದವರು ಮಾರಾಯ್ತಿ. ಒಂದೇ ಒಂದು ಗಲಾಟೆಯ ಸುದ್ದಿ ಬಂದರೂ ನಿನ್ನ ಆಟ ಖಲಾಸ್. ನನಗೆ ಚರ್ಚಿನಲ್ಲಿ ತಲೆ ಎತ್ತಿ ನಡೆಯಲಿಕ್ಕುಂಟು."

ಮಗಳು ಸಂಬಳ ತರುವವಳಾದರೂ ಆ ಮನೆಯಲ್ಲಿ ಡ್ಯಾಡಿ ಹೇಳಿದ್ದೆಂದರೆ ಹೇಳಿದ್ದೇ. ಅವರು ಒಮ್ಮೆಯೂ ಆಟ ನೋಡಲು ಬಂದವರಲ್ಲ. ಮೊನ್ನೆ ಮಾತ್ರ ಊಟದ ನಡುವೆ, "ನಿಮ್ಮ ಜೆರ್ಸಿ ಯಾವ ಬಣ್ಣ?" ಎಂದು ಕೇಳಿದ್ದರು. ಹಸಿರು ಎಂದಿದ್ದಳು. ಬರುತ್ತೀರಾ ಎಂದು ಆಸೆಯಿಂದ ಕೇಳಿದರೆ, "ನನಗೆ ಡ್ಯೂಟಿ ಉಂಟು" ಎಂದು ಮೀನಿನ ಮುಳ್ಳು ತೆಗೆಯುತ್ತ ಕೂತಿದ್ದರು.

ಇವತ್ತು ಅಬುಧಾಬಿಯಲ್ಲಿ ಫೈನಲ್. ಯಾವಾಗಲೂ ದುಬೈಯಿಂದ ಒಂದು ಬಸ್ಸು ತುಂಬ ಬೆಂಬಲಿಗರು ಬರುವುದು. ಇವತ್ತು ಎರಡು ಬಸ್ಸು. ದೂರದಿಂದ ಆ ಹಸಿರು ಜೆರ್ಸಿಗಳ ರಾಶಿ ಕಂಡು ಅವಳಿಗೆ ಖುಷಿಯಾಗಿತ್ತು. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯಿತು.

ಕ್ಯಾಪ್ಟನ್ ಮೊಯ್ರಾ ಒಳಗೆ ಬಂದಳು. ಅವಳ ಮುಖ ಕೆಂಪಾಗಿತ್ತು.

"ನಿನ್ನ ಪಾಯಿಂಟ್ ಆದ ಮೇಲೆ ಶುರುವಾಯಿತು. ಅಂಪೈರ್ ಬಿಳಿ ಬಾವುಟ ಎತ್ತಿದ. ನಿನ್ನನ್ನು ಇಲ್ಲಿಗೆ ಕರೆತಂದಾಗ ಅವರು ಬೇಲಿ ಹಾರಿ ಬಂದು ಅವನ ಮೂಗಿಗೆ ಗುದ್ದಿದರು."

ಒಲಿಂಡಾಳಿಗೆ ಅರ್ಥವಾಗಲಿಲ್ಲ. ಈ ಆಟದಲ್ಲಿ ಚೆಂಡು ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು. ಮೂರು ಅಂಕ, ಹಸಿರು ಬಾವುಟ. ಪಟ್ಟಿಯ ಮೇಲಿನಿಂದ ಹಾರಿದರೆ ಪಾಯಿಂಟ್. ಒಂದು ಅಂಕ, ಬಿಳಿ ಬಾವುಟ. ಅವಳು ಜೀವಮಾನದಲ್ಲೇ ಅತ್ಯಂತ ಚೆಂದದ ಒದೆತ ಒದ್ದು, ಚೆಂಡು ಮೇಲಿನಿಂದ ಹಾರುವುದನ್ನು ನೋಡುತ್ತಲೇ ಕಾಲು ಉಳುಕಿಸಿಕೊಂಡು ಬಿದ್ದಿದ್ದಳು.

"ಅಂಕ ಸಿಕ್ಕಿದ್ದು ನಮಗೆ. ಅದಕ್ಕೆ ನಮ್ಮವರೇ ಹೊಡೆಯುವುದಾ?"

"ತುಂಬ ಕುಡಿದಿದ್ದಾರೆ," ಎಂದಳು ಮೊಯ್ರಾ, ಬೇರೆಲ್ಲೋ ನೋಡುತ್ತ. "ಆಟ ನಿಂತಿದೆ. ಅವರನ್ನು ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಕೂಡಿಹಾಕಿದ್ದಾರೆ. ಗಾರ್ಡ್ ನಿಮ್ಮ ಊರಿನವನು. ನೀನೇ ಮಾತಾಡಬೇಕು, ಒಲಿಂಡಾ. ನಮಗೆ ಯಾರಿಗೂ ಬೇಸರವಿಲ್ಲ, ನಿಜವಾಗಿ."

ಬೇಸರವಿಲ್ಲವಂತೆ! ನಾಚಿಕೆಯಾದರೂ ಇದೆಯೋ ಇಲ್ಲವೋ ಎಂದುಕೊಂಡಳು ಒಲಿಂಡಾ.

ಮೊಯ್ರಾಳ ಹೆಗಲು ಹಿಡಿದು ಕುಂಟುತ್ತ ಹೊರಟಳು. ದಾರಿಯಲ್ಲಿ ಐರಿಶ್ ಹೆಂಗಸರು, ಗಂಡಸರು ಗುಂಪಾಗಿ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ಅವಳನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬಾಕೆ ಎದ್ದು ಬಂದು ಕಪ್ಪು ಚಾಚಿದಳು. ತಮ್ಮವರು ಅಲ್ಲಿ ಮಾನ ಕಳೆಯುತ್ತಿದ್ದರೆ ಇವರಿಗೆ ಚಹಾ! ಒಲಿಂಡಾ ಬೇಡವೆಂದು ತಲೆಯಾಡಿಸಿದಳು. ಮೂಗಿಗೆ ರಕ್ತದ ಕರವಸ್ತ್ರ ಒತ್ತಿಕೊಂಡಿದ್ದ ಮುದುಕ ಅಂಪೈರ್, "ಒಳ್ಳೆಯ ಪಾಯಿಂಟ್, ಮಗಳೇ" ಎಂದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕ್ಯಾಬಿನ್ನಿನ ಮುಚ್ಚಿದ ಬಾಗಿಲಿನ ಮುಂದೆ ಗಾರ್ಡ್ ಶಾಮಸುಂದರ ನಿಂತಿದ್ದ. ಬಂಟ್ವಾಳದವನು.

"ಎಂಥ ಅವಸ್ಥೆ ಇದು ಮೇಡಂ? ಜ್ಯೂಸ್ ಬಾಟಲಿಯಲ್ಲಿ ತುಂಬಿಸಿಕೊಂಡು ಬಂದಿದ್ದಾರೆ. ನನಗೇ ತಲೆ ತಗ್ಗಿಸುವ ಹಾಗಾಯಿತು. ಪೊಲೀಸಿಗೆ ಹೇಳಿದರೆ ಕೇಸು, ವೀಸಾ ಕ್ಯಾನ್ಸಲ್, ನೇರ ಊರಿಗೆ. ನಿಮ್ಮ ಕ್ಯಾಪ್ಟನ್ ಕೈಮುಗಿದರು, ಅಂಪೈರ್ ಕೂಡ ಬಿಟ್ಟುಬಿಡಿ ಅಂದರು. ನೀವೊಂದು ಮಾತು ಹೇಳಿ, ಸುಮ್ಮನೆ ಬಸ್ಸು ಹತ್ತಿಸಿಬಿಡ್ತೇನೆ."

ಒಂದು ಮಾತು. ಅಷ್ಟು ಸಾಕಿತ್ತು. ಆದರೆ ಒಲಿಂಡಾಳ ಕಣ್ಣ ಮುಂದೆ ಬಂದದ್ದು ಡ್ಯಾಡಿಯ ಮುಖ. ಇವರಿಂದಾಗಿ ಅವಳ ಆಟ ಮುಗಿಯಿತು. ಇವರಿಗೋ, ಕ್ಷಮೆ, ಚಹಾ, ಬಸ್ಸು. ಇಷ್ಟು ವರ್ಷ ಒಬ್ಬರ ಮುಂದೂ ದನಿ ಎತ್ತದ ಹುಡುಗಿಗೆ ಸಿಟ್ಟು ನೆತ್ತಿಗೇರಿತು.

"ನಾನು ಯಾಕೆ ಹೇಳಬೇಕು? ಇವರಿಗೂ ನನಗೂ ಏನೂ ಸಂಬಂಧ ಇಲ್ಲ. ಫೋನ್ ಮಾಡಿ."

ಗಾರ್ಡ್ ಬೆಪ್ಪಾದ. "ಮೇಡಂ, ನೋಡಿ, ಒಳಗೆ ವಯಸ್ಸಾದವರು ಇದ್ದಾರೆ."

"ವಯಸ್ಸಾದವರಿಗೆ ಮರ್ಯಾದೆ ಬೇಡವಾ? ನಮ್ಮ ಮನೆಯಲ್ಲೂ ವಯಸ್ಸಾದವರು ಇದ್ದಾರೆ. ಹೀಗೆ ಕುಡಿದು ಬೀಳುವುದಿಲ್ಲ. ಮಾಡಿ ಫೋನ್."

"ಒಲಿಂಡಾ, ಬೇಡ," ಎಂದು ಮೊಯ್ರಾ ಅವಳ ತೋಳು ಹಿಡಿದಳು. ಭಾಷೆ ತಿಳಿಯದಿದ್ದರೂ ಅವಳಿಗೆ ಏನೋ ತಿಳಿದಿತ್ತು.

ಶಾಮಸುಂದರ ಒಲಿಂಡಾಳನ್ನು ಒಂದು ಕ್ಷಣ ದಿಟ್ಟಿಸಿ ನೋಡಿದ. ಅವನ ಮುಖದಲ್ಲಿದ್ದ ಮರುಕ ಹೊರಟುಹೋಯಿತು. ಫೋನ್ ಮಾಡಿ, ಮೈದಾನದ ಹೆಸರು ಹೇಳಿ, ಹಿಂದಿಯಲ್ಲಿ ಎರಡು ಮಾತಾಡಿ ಇಟ್ಟ.

"ಖಲಾಸ್. ಬರ್ತಾ ಇದ್ದಾರೆ," ಎಂದು ಬಾಗಿಲು ತೆರೆದ.

ಬೆಂಚಿನ ಮೇಲಿಂದ, ಮಡಿಕೆಯ ಗೆರೆಯೂ ಮಾಸದ ಹೊಸ ಹಸಿರು ಜೆರ್ಸಿಯಲ್ಲಿ, ಕ್ಯಾಮಿಲಸ್ ತೂರಾಡುತ್ತ ಎದ್ದು ನಿಂತರು: "ಒಲೀ, ಚರ್ಚಿನವರನ್ನೆಲ್ಲ ಬಸ್ಸು ಮಾಡಿ ಕರ್ಕೊಂಡು ಬಂದೆ ಮಗಾ, ನೀನು ಹೊಡೆದದ್ದು ಗೋಲೇ; ಅವನು ಬಿಳಿ ಬಾವುಟ ತೋರಿಸಿ ಕ್ಯಾನ್ಸಲ್ ಮಾಡಿದರೆ ನಾನು ಸುಮ್ಮನೆ ಬಿಡ್ತೇನಾ?"