ಗೊರಕೆಗೆ ಒಂಬತ್ತು ಉಪಾಯ

"ಮಂಚದ ಅಗಲ ಎಷ್ಟು ಬೇಕಕ್ಕ? ಒಬ್ಬರಿಗಾ, ಇಬ್ಬರಿಗಾ?" ಒಳಕೋಣೆಯ ಗೋಡೆಗೆ ಟೇಪು ಹಿಡಿದು ಮರಗೆಲಸದ ರವೂಫ್ ಕೇಳಿದ.

"ಒಬ್ಬರಿಗೆ," ಎಂದಳು ದಮಯಂತಿ, ಚಾವಡಿಯಲ್ಲಿ ಕೂತ ಗಂಡನಿಗೂ ಕೇಳಿಸುವಷ್ಟು ಜೋರಾಗಿ. "ಒಬ್ಬರಿಗೇ. ಅವರ ಗೊರಕೆ ಕೇಳಿ ಕೇಳಿ ನನ್ನ ತಲೆ ಹಾಳಾಗಿ ಹೋಯ್ತು ಮಾರಾಯ."

ಚಾವಡಿಯಲ್ಲಿ ದುಗ್ಗಪ್ಪ ಎದ್ದು ನಿಂತ. ಕಳೆದ ದೀಪಾವಳಿಯಿಂದ ಹೆಂಡತಿ ಒಳಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದಳು, ಅದು ನಿಜ. ಆದರೆ ಚಾಪೆ ಎಂದರೆ ಬೆಳಿಗ್ಗೆ ಸುತ್ತಿಡುವಂಥದ್ದು. ಯಾವತ್ತಾದರೊಂದು ದಿನ ಅದನ್ನು ಕಂಕುಳಲ್ಲಿ ಇರುಕಿಕೊಂಡು ಈಚೆ ಬಂದರೂ ಬಂದಾಳು. ಮಂಚಕ್ಕೆ ನಾಲ್ಕು ಕಾಲಿದ್ದೂ ಅದು ಎಲ್ಲಿಗೂ ನಡೆದು ಬರುವುದಿಲ್ಲ. ಒಮ್ಮೆ ಹಾಕಿದರೆ ಮುಗಿಯಿತು, ಜೀವಮಾನವಿಡೀ ಅವಳು ಆಚೆ, ಇವನು ಈಚೆ. ಹೇಗಾದರೂ ಮಾಡಿ ತಡೆಯಬೇಕಿತ್ತು.

"ರವೂಫ್, ಅವಸರ ಮಾಡ್ಬೇಡ ಮಾರಾಯ," ಎನ್ನುತ್ತಾ ಒಳಗೆ ಬಂದ. "ಒಂದು ಭಾರೀ ಚಂದದ ಡಿಸೈನು ಮೊಬೈಲಲ್ಲಿ ಸೇವ್ ಮಾಡಿ ಇಟ್ಟಿದ್ದೇನೆ. ನಿಧಾನಕ್ಕೆ ನೋಡುವಾ. ಮುಂದಿನ ತಿಂಗಳು ಬಾ."

"ನಿಮ್ಮ ಸೇವ್ ನನಗೆ ಗೊತ್ತಿಲ್ವಾ? ಹಾಳು ಬಾವಿಗೆ ಹಾಕುದೂ ಒಂದೇ, ನೀವು ಸೇವ್ ಮಾಡುದೂ ಒಂದೇ." ದಮಯಂತಿ ಮೊಬೈಲು ಕಸಿದುಕೊಂಡಳು. "ಎಲ್ಲುಂಟು ಡಿಸೈನು? ಈಗಲೇ ನೋಡುವಾ."

ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ದುಗ್ಗಪ್ಪ ಕಡಬ ಪೇಟೆಯಿಂದ ಹಳ್ಳಿಗಳಿಗೆ ಜೀಪು ಓಡಿಸುವವನು. ಸೀಟು ತುಂಬದೆ ಜೀಪು ಹೊರಡುವುದಿಲ್ಲ, ತುಂಬುವವರೆಗೆ ಸ್ಟೇರಿಂಗಿಗೆ ಒರಗಿ ಮೊಬೈಲು ಉಜ್ಜುವುದೇ ಕೆಲಸ. ಯಾವುದೋ ಒಳ್ಳೆಯ ಲೇಖನ ಸಿಕ್ಕಿ, ಅದರ ತಲೆಬರಹ ಓದಿ ಮುಗಿಸುವಷ್ಟರಲ್ಲಿ ಕೊನೆಯ ಹೆಂಗಸು ಚೀಲಗಳ ಸಮೇತ ಹತ್ತಿ, "ಇನ್ನು ಹೋಗುವಾ" ಎಂದುಬಿಡುತ್ತಿದ್ದಳು. ದುಗ್ಗಪ್ಪ ಮೇಲಿನ ನಕ್ಷತ್ರ ಒತ್ತಿ ಬುಕ್‌ಮಾರ್ಕ್ ಮಾಡಿ ಗೇರು ಹಾಕುತ್ತಿದ್ದ. ಹೀಗೆ ಜಗತ್ತಿನ ಸಕಲ ಜ್ಞಾನವೂ ಅವನಿಗೆ ತಲೆಬರಹದ ಮಟ್ಟಿಗೆ ಬರುತ್ತಿತ್ತು.

"'ಬಚ್ಚಲುಮನೆಯಲ್ಲೇ ಮುತ್ತಿನ ಕೃಷಿ,'" ದಮಯಂತಿ ಗಟ್ಟಿಯಾಗಿ ಓದತೊಡಗಿದಳು. "ಸಾಯ್ಲಿ, ಮತ್ತೆ ಮೀಯುದೆಲ್ಲಿ? 'ಏಳೇ ದಿನದಲ್ಲಿ ಹೊಟ್ಟೆ ಕರಗಿಸಿ.'" ಗಂಡನ ಹೊಟ್ಟೆಯನ್ನೊಮ್ಮೆ ನೋಡಿ ಮುಂದಕ್ಕೆ ಹೋದಳು. "'ಸುಲಭದಲ್ಲಿ ಜಪಾನಿ ಭಾಷೆ.' ಯಾರತ್ರ ಮಾತಾಡ್ಲಿಕ್ಕೆ, ಜೀಪಿಗೆ ಹತ್ತುವ ಎಡಮಂಗಲದವರತ್ರವಾ? 'ಹಾವು ಕಚ್ಚಿದ ಕೂಡಲೇ ಏನು ಮಾಡಬೇಕು?' ಇದನ್ನಾದ್ರೂ ಓದಿದ್ದೀರಾ?"

"ಕಚ್ಚಲಿ. ಆಗ ಓದಿದ್ರಾಯ್ತು."

ರವೂಫ್ ಗೋಡೆಯ ಕಡೆ ತಿರುಗಿ ನಕ್ಕ. ಆದರೆ ದಮಯಂತಿಯ ಬೆರಳು ಅಲ್ಲಿಗೇ ನಿಂತಿತ್ತು. 'ಗೊರಕೆಗೆ ಒಂಬತ್ತು ಉಪಾಯ.' ಅದರ ಕೆಳಗೆ, 'ಗೊರಕೆ: ತಪ್ಪು ಮೂಗಿನದೋ, ದಿಂಬಿನದೋ?' ಅದರ ಕೆಳಗೆ ಗೊರಕೆ ನಿಲ್ಲಿಸುವ ಯೋಗಾಸನ, ಗೊರಕೆಗೆ ತುಪ್ಪ. ಎಳೆದಷ್ಟೂ ಗೊರಕೆಯೇ. ಎಲ್ಲಕ್ಕಿಂತ ಕೆಳಗಿನದನ್ನು ಅವಳು ರವೂಫನ ಎದುರು ಬಾಯಿಬಿಟ್ಟು ಓದಲಿಲ್ಲ. 'ಬೇರೆ ಮಲಗುವ ಹೆಂಡತಿಯ ಮನಸ್ಸು ಗೆಲ್ಲುವುದು ಹೇಗೆ?' ಎಂದಿತ್ತು.

"ಇದೆಲ್ಲ ಯಾವಾಗಿಂದ?"

"ನೀನು ಚಾಪೆ ಹಿಡ್ಕೊಂಡು ಹೋದ್ಯಲ್ಲ, ಅದರ ಮರುದಿನದಿಂದ." ದುಗ್ಗಪ್ಪ ನೆಲ ನೋಡಿದ. "ಒಬ್ಬನೇ ಮಲಗ್ಲಿಕ್ಕೆ ನನಗೆ ಬೇಜಾರು ಮಾರಾಯ್ತಿ."

"ಮತ್ತೆ ಒಂದನ್ನಾದ್ರೂ ಓದ್ಲಿಕ್ಕೆ ನಿಮಗೆ ಎಂತ ಧಾಡಿ?"

"ಓದುವಾ ಅಂತಲೇ ತೆಗ್ದದ್ದು. ಅಷ್ಟರಲ್ಲಿ ಜೀಪು ತುಂಬಿತು."

ದಮಯಂತಿಗೆ ಸಿಟ್ಟು ಬಂತು, ನಗು ಬಂತು, ಗಂಡನ ಮೇಲೆ ಹಾಳು ಪ್ರೀತಿಯೂ ಬಂತು. ಮೂರರಲ್ಲಿ ಸಿಟ್ಟೇ ಮರ್ಯಾದೆಯದ್ದು ಎಂದು ಅದನ್ನು ಮುಖಕ್ಕೆ ತಂದುಕೊಂಡಳು. "ಬನ್ನಿ ಈಚೆ, ಸೋಫಾದಲ್ಲಿ ಕೂತ್ಕೊಳ್ಳಿ. ಇವತ್ತು ಆದಿತ್ಯವಾರ, ಜೀಪು ತುಂಬ್ಲಿಕ್ಕಿಲ್ಲ. ನಾನೇ ಓದ್ತೇನೆ. ಬಾಯಿ ಮುಚ್ಚಿ ಕೇಳಿ."

ಮಧ್ಯಾಹ್ನದ ಕೋಳಿಸಾರು ದುಗ್ಗಪ್ಪನ ಹೊಟ್ಟೆಯಲ್ಲಿ ಇನ್ನೂ ಭದ್ರವಾಗಿ ಕೂತಿತ್ತು. ಅವನು ಚಾವಡಿಯ ಸೋಫಾಕ್ಕೆ ಒರಗಿ, ವಿಧೇಯ ವಿದ್ಯಾರ್ಥಿಯಂತೆ ಕಣ್ಣು ಮುಚ್ಚಿದ.

"ಒಂದನೇ ಉಪಾಯ. ತೂಕ ಇಳಿಸಿ."

"ಹೂಂ."

"ಎರಡನೇದು. ಮಲಗುವ ಮೊದಲು ಹೊಟ್ಟೆ ಬಿರಿಯ ಉಣ್ಣಬೇಡಿ."

ಈ ಸಲ ಹೂಂ ಬರಲಿಲ್ಲ. ಅದರ ಬದಲಿಗೆ ಘಟ್ಟ ಹತ್ತುವ ಜೀಪಿನ ಸದ್ದು ಬಂತು. ಒಳಕೋಣೆಯಿಂದ ರವೂಫ್ ಓಡಿ ಬಂದ.

"ಎಂತಕ್ಕ ಇದು! ನನ್ನ ಮರ ಕೊಯ್ಯುವ ಮೆಷಿನಿಗೂ ಇಷ್ಟು ಸೌಂಡಿಲ್ಲ."

"ಈಗ ಗೊತ್ತಾಯ್ತಾ ನಿನಗೆ ನನ್ನ ಕಷ್ಟ?" ಎಂದು ದಮಯಂತಿ ಮೂರನೆಯದನ್ನು ಓದಿದಳು. ಪಕ್ಕದಲ್ಲಿರುವವರು ಮೆಲ್ಲನೆ ಮಗ್ಗುಲು ತಿರುಗಿಸಬೇಕು ಎಂದಿತ್ತು. 'ಮೆಲ್ಲನೆ' ಎಂಬುದನ್ನು ಬಿಟ್ಟು ಉಳಿದದ್ದನ್ನು ಅವಳು ಹಾಗೆಯೇ ಪಾಲಿಸಿದಳು. ದುಗ್ಗಪ್ಪ ಸೋಫಾದಲ್ಲಿ ಒಂದು ಬದಿಗೆ ವಾಲಿದ. ಗೊರಕೆ ನಿಂತಿತು. ನಿದ್ದೆಯಲ್ಲೇ ಅವನ ಕೈ ಪಕ್ಕದ ಖಾಲಿ ಜಾಗವನ್ನು ತಟ್ಟಿತು.

"ಒಂದು ಸೀಟು ಉಂಟು," ಎಂದು ಗೊಣಗಿದ. "ಬನ್ನಿ, ಬೇಗ ಬನ್ನಿ."

ರವೂಫನಿಗೆ ನಗು ತಡೆಯಲಾಗಲಿಲ್ಲ. ಟೇಪನ್ನು ಸುರ್ರೆಂದು ಒಳಗೆ ಎಳೆದುಕೊಂಡು, "ಮಂಚದ ಅಳತೆ ಬರ್ಕೊಂಡಾಯ್ತಕ್ಕ. ಇನ್ನು ಎಂತ ಮಾಡುದು?" ಎಂದ.

ದಮಯಂತಿ ಗಂಡನನ್ನು ನೋಡಿದಳು. ಗೊರಕೆ ಮತ್ತೆ ಶುರುವಾಗಿತ್ತು.

"ಸೇವ್ ಮಾಡಿಡು ಮಾರಾಯ," ಎಂದಳು. "ನಿಧಾನಕ್ಕೆ ನೋಡುವಾ."